ಕತ್ತರಿಸಿದ ಅಂಚು

ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ಮುಖದ ಕಳೆ ಹೋಗುತ್ತದಂತೆ. ನನ್ನನ್ನು ಕೇಳಿದರೆ ಕೆಲವರ ಮುಖದಲ್ಲಿ ಹೋಗುವುದಕ್ಕೆ ಕಳೆಯೇ ಇರುವುದಿಲ್ಲ. ಆದರೆ ಗಿರಾಕಿಗೆ ಹಾಗೆಲ್ಲ ಹೇಳಲಾಗುತ್ತದೆಯೇ? ಅಂತೂ ತಿಂಗಳಿಗೊಂದು ದಿನ ನಮ್ಮ ಕಸುಬಿನವರಿಗೆ ಬಿಡುವು. ಆ ಬಿಡುವಿನಲ್ಲಿ ನಾವು ನಾಲ್ವರು ಒಂದೆಡೆ ಸೇರಿ ಒಬ್ಬರ ಫೋಟೋವನ್ನು ಇನ್ನೊಬ್ಬರು ಜಾಲಾಡುತ್ತಿದ್ದೆವು.

ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸ್ಟುಡಿಯೋ. ಬೋರ್ಡಿನ ಮೇಲೆ ಹೆಂಡತಿ ಮೆಹರಾಜಳ ಹೆಸರಿದೆ. ಇಲ್ಲದಿದ್ದರೆ ಎನ್‌ಲಾರ್ಜರ್ ಕೊಳ್ಳುವಾಗ ಅವಳು ಬಳೆ ಬಿಚ್ಚಿಕೊಡುತ್ತಿರಲಿಲ್ಲ. ನಮ್ಮ ನಾಲ್ವರಲ್ಲಿ ಆ ಯಂತ್ರ ಇದ್ದದ್ದು ನನ್ನೊಬ್ಬನ ಹತ್ತಿರ. ಹಾಗಾಗಿ ಎಲ್ಲರ ದೊಡ್ಡ ಫೋಟೋಗಳೂ ನನ್ನ ಡಾರ್ಕ್ ರೂಮಿನಲ್ಲೇ ಹುಟ್ಟುತ್ತಿದ್ದವು. ನೆಗೆಟಿವ್‌ಗಳೂ ನನ್ನ ಬಿಸ್ಕತ್ತಿನ ಡಬ್ಬಿಯಲ್ಲೇ ಉಳಿಯುತ್ತಿದ್ದವು.

ನಮ್ಮಲ್ಲಿ ಒಂದು ನಿಯಮವಿತ್ತು. ಹಗ್ಗಕ್ಕೆ ಫೋಟೋ ಸಿಕ್ಕಿಸಿದ ಮೇಲೆ, ಉಳಿದ ಮೂವರು ಮಾತು ಮುಗಿಸುವತನಕ ತೆಗೆದವನು ಬಾಯಿ ಬಿಡುವಂತಿಲ್ಲ. ಈ ನಿಯಮ ಮಾಡಿದವನು ಬಸಂತರಾಯ. ಬಸವನ ಬಾಗೇವಾಡಿಯಲ್ಲಿ ಅವನ ಅಂಗಡಿ, ಅದರಾಚೆಯ ಹಳ್ಳಿಯಲ್ಲಿ ಗೌಡಕಿಯ ಮನೆ, ಕೊರಳಲ್ಲಿ ಯಾಶಿಕಾ ಕ್ಯಾಮೆರಾ. ಮೊಸರಿನಲ್ಲಿ ಕಲ್ಲು ಹುಡುಕುವ ಕಣ್ಣು ಅವನದು. ಎಲ್ ಆಕಾರದ ಎರಡು ಕರಿ ರಟ್ಟುಗಳು ಸದಾ ಅವನ ಚೀಲದಲ್ಲಿರುತ್ತಿದ್ದವು. ಅವನ್ನು ಫೋಟೋದ ಮೇಲಿಟ್ಟು ಹಿಂದೆ ಮುಂದೆ ಸರಿಸಿ, ಎಲ್ಲಿ ಕತ್ತರಿಸಿದರೆ ಚಿತ್ರ ನಿಲ್ಲುತ್ತದೆ ಎಂದು ತೋರಿಸುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಹೋದ ಮೇಲೆ ಅವನು ಹೇಳಿದಂತೆಯೇ ಪ್ರಿಂಟ್ ಹಾಕುತ್ತಿದ್ದೆ, ಯಾಕೆಂದರೆ ಅವನು ಹೇಳಿದ್ದು ಸರಿ ಇರುತ್ತಿತ್ತು.

ಮುದ್ದೇಬಿಹಾಳದ ಧರೆಪ್ಪನದು ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಕ. ಮಿರ್ಚಿ ಭಜಿ ಒಂದಿದ್ದರೆ ಅವನಿಗೆ ಎಲ್ಲರ ಫೋಟೋವೂ ಚಂದ. ನಾಲ್ಕನೆಯವನು ಇಂಡಿ ತಾಲೂಕಿನ ಹೊರ್ತಿಯ ಸಿದ್ರಾಮ, ನಮ್ಮೆಲ್ಲರಿಗಿಂತ ಚಿಕ್ಕವನು. ಅಂಗಡಿ ಇಲ್ಲ. ಡಬ್ಬಿ ಕ್ಯಾಮೆರಾವನ್ನು ಕೈಚೀಲದಲ್ಲಿ ಹಾಕಿಕೊಂಡು ಊರೂರಿನ ಕೇರಿಗಳಲ್ಲಿ ಮದುವೆ, ತೊಟ್ಟಿಲ ಫೋಟೋ ತೆಗೆಯುತ್ತಿದ್ದ. ಅವನ ಮನೆಯವರು ಕೇರಿಯವರೇ, ಬೌದ್ಧರಾದವರು. ಬಸಂತರಾಯನೇ ಅವನಿಗೆ ಬೆಳಕು ಓದುವುದನ್ನು ಕಲಿಸಿದ್ದು. "ಬೆಳಕು ಬಿದ್ದಲ್ಲಿ ಕತ್ತರಿ ಇಡಬ್ಯಾಡ" ಎಂದು ಅವನು ಹೇಳಿದ್ದನ್ನು ಸಿದ್ರಾಮ ಮಂತ್ರದಂತೆ ಹೇಳಿಕೊಳ್ಳುತ್ತಿದ್ದ.

ನಮ್ಮಲ್ಲಿ ಮೂವರ ಮನೆಯಲ್ಲೂ ಸರದಿಯಂತೆ ಸೇರಿದ್ದೆವು. ಬಸಂತರಾಯನ ಮನೆಯಲ್ಲಿ ಮಾತ್ರ ಒಮ್ಮೆಯೂ ಇಲ್ಲ. ಅವನ ಸರದಿ ಬಂದಾಗಲೆಲ್ಲ ಅವನ ಅವ್ವನಿಗೆ ಆರಾಮ ಇರುತ್ತಿರಲಿಲ್ಲ. ನಾವೂ ಹೆಚ್ಚು ಕೇಳಲಿಲ್ಲ.

ಆ ಅವ್ವನ ಕೈ ಮಾತ್ರ ನಮಗೆಲ್ಲ ಗೊತ್ತಿತ್ತು. ನನ್ನ ಸ್ಟುಡಿಯೋದ ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗುತ್ತಿದ್ದದ್ದು ಬಸಂತರಾಯ ತೆಗೆದ ಅದೇ ಕೈ. ಜೋಳದ ರೊಟ್ಟಿ ಬಡಿಯುವ ಕೈ, ಹಿಟ್ಟಿನ ಧೂಳು, ಓರೆಯಾಗಿ ಬಿದ್ದ ಬೆಳಗಿನ ಬಿಸಿಲು. ಬೀಸುವ ಕಲ್ಲಿಗೆ ಸಿಕ್ಕು ಸೊಟ್ಟಾದ ಕಿರುಬೆರಳು ಒಂದೇ ಹೊರಕ್ಕೆ ಚಾಚಿಕೊಂಡಿತ್ತು. ಆ ಬೆರಳೇ ಫೋಟೋದ ಜೀವ ಎಂದು ನಾವು ಮೂವರೂ ಹೊಗಳಿದ್ದೆವು. ಅದರ ನೆಗೆಟಿವ್‌ನಲ್ಲಿ ಎಡಗಡೆ ಹೊಸ್ತಿಲ ಹತ್ತಿರ ಏನೋ ಗಂಟು ಇಟ್ಟಂತಿತ್ತು. "ಅದು ಬ್ಯಾಡ, ತಗದ ಬಿಡು" ಅಂದಿದ್ದ ಬಸಂತರಾಯ. ಬಟ್ಟೆಯ ಗಂಟೋ ಕಾಳಿನ ಗಂಟೋ ಇರಬೇಕೆಂದು ಎರಡು ಬೆರಳಗಲ ಅಂಚು ಬಿಟ್ಟು ಪ್ರಿಂಟ್ ಹಾಕಿದ್ದೆ.

ಎಪ್ಪತ್ತನಾಲ್ಕನೆಯ ಇಸವಿ. ಬಿಜಾಪುರದಲ್ಲಿ ಒಂದು ಫೋಟೋ ಪ್ರದರ್ಶನ ಆಗುವುದಿತ್ತು. ನಮ್ಮ ಬಳಗದಿಂದ ಒಂದೇ ಫೋಟೋ ಕಳಿಸಬಹುದಿತ್ತು, ಹಿಂದುಗಡೆ ನಾಲ್ವರ ಸಹಿಯೂ ಬೇಕಿತ್ತು. ಸಿದ್ರಾಮನ ಫೋಟೋ ಅಲ್ಲಿಯತನಕ ಯಾವ ಗೋಡೆಯನ್ನೂ ಕಂಡಿರಲಿಲ್ಲ. ಆ ಅಮಾವಾಸ್ಯೆಗೆ ಅವನು ಮೊದಲ ಬಸ್ಸಿಗೇ ಬಂದಿಳಿದು, ಬೆಳಗಿನಿಂದ ನನ್ನ ಜೊತೆ ಡಾರ್ಕ್ ರೂಮಿನಲ್ಲಿ ನಿಂತು ಒಂದು ಪ್ರಿಂಟ್ ಹಾಕಿಸಿದ್ದ. ತಟ್ಟೆಯಲ್ಲಿ ಅದು ಮೂಡಿದಾಗಲೇ ನನಗೆ ಹೊಟ್ಟೆಕಿಚ್ಚಾಯಿತು. ಇಪ್ಪತ್ತು ವರ್ಷದ ಕಸುಬಿನಲ್ಲಿ ನನಗೆ ಅಂಥದ್ದೊಂದು ಸಿಕ್ಕಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಸೇರಿದೆವು. ಮೆಹರಾಜ ಚಹಾ ಕೊಟ್ಟು ಹೋದಳು. ಸಿದ್ರಾಮನ ಫೋಟೋ ಹಗ್ಗಕ್ಕೆ ಏರಿತು.

ಕೆಳಗೆ ವಯಸ್ಸಾದ ಹೆಂಗಸೊಬ್ಬಳು ಬಗ್ಗಿ ಬೊಗಸೆಯೊಡ್ಡಿದ್ದಾಳೆ. ಮೇಲೆ, ಚಿತ್ರದ ಅಂಚಿನಿಂದ ಒಳಚಾಚಿದ, ಮೊಣಕೈತನಕ ಕಾಣುವ ಒಂದು ಕೈ, ಕೈಯಲ್ಲಿ ತಂಬಿಗೆ. ಎರಡರ ನಡುವೆ ನೀರಿನ ಧಾರೆ. ಸೆರಗು, ಬೊಗಸೆಗಳ ಮರೆಯಲ್ಲಿ ಹೆಂಗಸಿನ ಕಣ್ಣಷ್ಟೇ ಕಾಣುತ್ತದೆ, ಅದು ನೀರಿನ ಮೇಲಿಲ್ಲ, ಮೇಲಿನ ಕೈಯ ಮೇಲಿದೆ. ಆ ಕೈಗೂ ಬೊಗಸೆಗೂ ನಡುವಿನ ಖಾಲಿ ಜಾಗ ನೋಡುತ್ತ ಕೂತರೆ ಗಂಟಲು ಒಣಗುತ್ತಿತ್ತು.

"ಏನರೆ ಅನ್ನು, ಛಲೋ ಐತಿ" ಅಂದ ಧರೆಪ್ಪ.

ಬಸಂತರಾಯ ಎದ್ದು ಹತ್ತಿರ ಹೋದ. ಬಹಳ ಹೊತ್ತು ನೋಡಿದ. ಆಮೇಲೆ ಚೀಲದಿಂದ ರಟ್ಟು ತೆಗೆದು ಫೋಟೋದ ಮೇಲ್ಭಾಗಕ್ಕೆ ಹಿಡಿದ. ಕೈ ಮುಚ್ಚಿಹೋಯಿತು.

"ಬೊಗಸಿ ಛಲೋ ಬಂದೈತಿ, ನೀರೂ ಛಲೋ ಬಂದೈತಿ. ಈ ಕೈ ಬ್ಯಾಡ. ಎಲ್ಲಿಂದೋ ಬಂದು ಅಡ್ಡ ನಿಂತೈತಿ. ಒಡೆಯ ಇಲ್ಲದ ಕೈ."

"ಕೈ ತಗದ್ರ ನೀರು ಆಕಾಶದಿಂದ ಬಿದ್ದಂಗ ಕಾಣತೈತಲ್ರಿ" ಅಂದೆ ನಾನು.

"ಕಾಣ್ಲಿ. ಗಂಗವ್ವ ಮ್ಯಾಲಿಂದನ ಬರ್ತಾಳ."

"ಗೌಡ್ರ, ಕಣ್ಣಿಗೆ ಏನರೆ ಆಗೇತೇನ್ರಿ? ಆ ಕೈಯಿಂದನ ಇದು ಫೋಟೋ ಆಗೇತಿ. ಇಲ್ಲಂದ್ರ ಒಬ್ಬ ಮುದುಕಿ ನೀರು ಕುಡಿಯೋದು, ಅಷ್ಟ" ಅಂದೆ.

"ಅಷ್ಟ ಸಾಕು." ಅವನ ಧ್ವನಿ ಗಟ್ಟಿಯಾಯಿತು. "ಕೈ ಕತ್ತರಿಸಿದ್ರ ಈಗಿಂದೀಗ ಸಹಿ ಹಾಕ್ತೇನಿ. ಇಲ್ಲಂದ್ರ ಇಲ್ಲ."

ಸಹಿ ಇಲ್ಲದಿದ್ದರೆ ಬಿಜಾಪುರವೂ ಇಲ್ಲ. ಸಿದ್ರಾಮ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ಚಹಾ ಆರುತ್ತಿತ್ತು, ಅವನು ಕುಡಿದಿರಲಿಲ್ಲ. ನಿಯಮದಂತೆ ಬಾಯಿ ಮುಚ್ಚಿಕೊಂಡಿದ್ದ, ಆದರೆ ಅವನ ಕಣ್ಣು ಮಾತ್ರ ಬಸಂತರಾಯನನ್ನು ಬಿಟ್ಟು ಕದಲಲಿಲ್ಲ.

ಸಂಧಾನ ಮಾಡಲು ಹೊರಟ ಧರೆಪ್ಪ ಭಜಿ ಕೆಳಗಿಟ್ಟು ಎದ್ದು ಬಂದ. "ಪೂರಾ ಬ್ಯಾಡ, ಸ್ವಲ್ಪ ಕತ್ತರಸೂಣು. ಈ ಬೆರಳಿನ ತನಕ..." ಎಂದು ರಟ್ಟನ್ನು ಮೆಲ್ಲಗೆ ಸರಿಸಿದವನು ಹಾಗೆಯೇ ನಿಂತ. ಫೋಟೋ ನೋಡಿದ. ತಿರುಗಿ ಗೋಡೆ ನೋಡಿದ. ಮತ್ತೆ ಫೋಟೋ ನೋಡಿದ. "ಅಲ್ರೀ..." ಅಂದ.

ಆಗ ನಾನೂ ನೋಡಿದೆ. ಬೆಳಗಿನಿಂದ ಆ ಪ್ರಿಂಟನ್ನು ಕೈಯಲ್ಲಿ ಹಿಡಿದಿದ್ದ ಮೂರ್ಖ ನಾನು, ಆಗ ನೋಡಿದೆ. ತಂಬಿಗೆಯ ಕಂಠ ಹಿಡಿದ ಬೆರಳುಗಳಲ್ಲಿ ಕಿರುಬೆರಳು ಒಂದೇ ಹೊರಕ್ಕೆ ಸೊಟ್ಟಗೆ ಚಾಚಿಕೊಂಡಿತ್ತು.

ಹೊರಗೆ ಬಸ್ಸಿನವನು ಊರುಗಳ ಹೆಸರು ಕೂಗುತ್ತಿದ್ದ.

"ಮೂವರ ಮಾತೂ ಮುಗೀತೇನ್ರಿ?" ಅಂದ ಸಿದ್ರಾಮ. "ನಾನೀಗ ಮಾತಾಡಬಹುದಲ್ರಿ?"

ಬಸಂತರಾಯ ತಿರುಗಲಿಲ್ಲ. "ನಿನಗ ಗೊತ್ತಿತ್ತು" ಅಂದ.

"ಗೊತ್ತಿತ್ರಿ. ನಿಮ್ಮೂರ ಕೇರ್ಯಾಗ ನಮ್ಮ ಬೀಗರ ಮದುವಿ ಇತ್ತು. ನಮ್ಮವ್ವ ಮರೆವ್ವನೂ ಬಂದಿದ್ಲು. ಬಿಸಿಲಿಗೆ ಆಕಿ ಗಂಟಲ ಒಣಗಿ, ನಿಮ್ಮ ಹಿತ್ತಲ ಬಾಗಿಲಿಗೆ ನಿಂತು ನೀರು ಕೇಳಿದ್ಲು. ನಿಮ್ಮವ್ವ ಬಂದ್ರು. ನನ್ನ ಕೈಯಾಗ ಕ್ಯಾಮೆರಾ ನೋಡಿ, 'ತಗಿ ತಮ್ಮಾ, ನಮ್ಮ ಬಸಂತನೂ ತಗೀತಾನ' ಅಂದ್ರು. ಹೊಟ್ಟಿ ತುಂಬ ನೀರು ಹಾಕಿದ್ರು ಗೌಡ್ರ, ಸುಳ್ಳು ಹೇಳಬಾರದು. ಎತ್ತರದಿಂದ ಹಾಕಿದ್ರು. ಅದೂ ಸುಳ್ಳಲ್ಲ."

"ನೀನೂ ಕುಡದೇನು?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಇಲ್ರಿ ಉಸ್ತಾದ್ರ. ನನ್ನ ಎರಡೂ ಕೈಯಾಗ ಕ್ಯಾಮೆರಾ ಇತ್ತು." ಅವನು ಗೋಡೆಯ ಕಡೆ ಕೈ ಮಾಡಿದ. "ತಂಬಿಗಿ ಎತ್ತಿದ ಕೂಡಲೆ ಆ ಬೆರಳು ಕಂಡು ಗುರುತು ಹಿಡದೆ. ಪ್ರತಿ ಸರ್ತಿ ಇಲ್ಲಿ ಬಂದಾಗ ಆ ಕೈ ನೋಡಿ, ಇಂಥಾ ಕೈಯಿಂದ ಒಂದು ರೊಟ್ಟಿ ತಿನ್ನಬೇಕು ಅನ್ಕೊಂತಿದ್ದೆ."

ಬಸಂತರಾಯ ಒಮ್ಮೆಲೇ ಫೋಟೋವನ್ನು ಹಗ್ಗದಿಂದ ಕಿತ್ತುಕೊಂಡ. ಕ್ಲಿಪ್ಪು ಹಾರಿ ಧರೆಪ್ಪನ ಹೊಟ್ಟೆಗೆ ಬಡಿಯಿತು. ಎರಡೂ ಕೈಯಲ್ಲಿ ಕಾಗದದ ಅಂಚು ಹಿಡಿದು ನಿಂತ ಅವನ ಮುಖ ಕೆಂಪಗಾಗಿತ್ತು. "ಬಿಜಾಪುರದಾಗ ಮಂದಿ ಮುಂದ ನಮ್ಮವ್ವನ ಮಾನ ತೂಗಹಾಕ್ತೀಯೇನಲೇ? ಇದನ್ನ ನಮ್ಮೂರವ ಒಬ್ಬಾವ ನೋಡಿದ್ರ ಸಾಕು, ನಾಳಿಂದ ನಿಮ್ಮ ಬೀಗರ ಕೇರಿಗೆ ಅಷ್ಟೂ ನೀರು ಸಿಗೂದಿಲ್ಲ!"

"ಅಷ್ಟೂ ಅಂದ್ರ ಎಷ್ಟ್ರಿ?" ಸಿದ್ರಾಮ ಎದ್ದು ನಿಂತ. "ಹರೀರಿ ಗೌಡ್ರ. ನೆಗೆಟಿವ್ ಉಸ್ತಾದ್ರ ಡಬ್ಬ್ಯಾಗ ಐತಿ. ಹರಿಯೂದಾದ್ರ ಹರೀರಿ, ಆದರ ಕತ್ತರಿಸಂತ ಹೇಳಬ್ಯಾಡ್ರಿ. ಮ್ಯಾಲಿನ ಕೈ ನಿಮ್ಮವ್ವಂದು, ಕೆಳಗಿನ ಬೊಗಸಿ ನಮ್ಮವ್ವಂದು. ನಿಮ್ಮ ಅವ್ವನ್ನ ತಗದು ನಮ್ಮ ಅವ್ವನ್ನ ಅಷ್ಟ ತೂಗಹಾಕೂದು ಯಾವ ನ್ಯಾಯ?"

ನನಗೆ ತಡೆಯಲಾಗಲಿಲ್ಲ. ಕೈ ಮೀರಿದರೆ ಸ್ಟುಡಿಯೋದ ಗಾಜು ಉಳಿಯುವುದಿಲ್ಲ ಎಂಬ ಹೆದರಿಕೆಯೂ ಇತ್ತು, ಸುಳ್ಳೇಕೆ. ಗೋಡೆಯ ಮೇಲಿನ ಚೌಕಟ್ಟನ್ನು ಇಳಿಸಿ ಬಸಂತರಾಯನ ಮುಂದೆ ಮೇಜಿನ ಮೇಲಿಟ್ಟೆ. "ಒಡೆಯ ಇಲ್ಲದ ಕೈ ಅಂದ್ರಿ. ನೋಡ್ರಿ ಇಲ್ಲಿ. ಒಡೆಯನ ಹೆಸರು ಕೆಳಗ ನೀವ ಬರದೀರಿ."

ಚೌಕಟ್ಟಿನ ಅಡಿಯಲ್ಲಿ ಅವನದೇ ಅಕ್ಷರ: ಅವ್ವ.

ಅವನು ಅದನ್ನೇ ನೋಡುತ್ತ ನಿಂತ. ಕಾಗದ ಹಿಡಿದ ಕೈ ಮೆಲ್ಲಗೆ ಸಡಿಲಾಯಿತು. ಅವನ ಕಣ್ಣು ಚೌಕಟ್ಟಿನ ಎಡಗಡೆಯ ಅಂಚಿಗೆ ಹೋಗಿ ಅಲ್ಲೇ ನಿಂತದ್ದನ್ನು ನಾನು ಗಮನಿಸಿದೆ. ಸಿದ್ರಾಮನ ಪ್ರಿಂಟನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತ.

"ಶಹಾಬುದ್ದೀನ" ಎಂದು ನನ್ನನ್ನು ಕರೆದ. "ನನ್ನ ನೆಗೆಟಿವ್ ಐತೇನು?"

"ಐತಿ."

"ಪೂರಾ ಹಾಕು. ಏನೂ ಬಿಡಬ್ಯಾಡ."

ನನ್ನ ಡಾರ್ಕ್ ರೂಮಿನಲ್ಲಿ ಇಬ್ಬರು ನಿಂತರೆ ಮೂರನೆಯವನು ಉಸಿರು ಬಿಗಿ ಹಿಡಿಯಬೇಕು. ಅವತ್ತು ನಾಲ್ವರೂ ತೂರಿಕೊಂಡೆವು, ಧರೆಪ್ಪನ ಹೊಟ್ಟೆಯನ್ನೂ ಸೇರಿಸಿಕೊಂಡು. ಕೆಂಪು ಬಲ್ಬಿನಡಿ ಕಾಗದವನ್ನು ಔಷಧಿಯ ತಟ್ಟೆಗೆ ಬಿಟ್ಟೆ. ಮೊದಲು ಒಲೆಯ ಬಾಯಿ ಕಪ್ಪಾಯಿತು. ಆಮೇಲೆ ರೊಟ್ಟಿಯ ನೆರಳು, ಸೊಟ್ಟ ಬೆರಳು. ಕೊನೆಗೆ ಎಡಗಡೆ ಹೊಸ್ತಿಲಾಚೆ, ನಾನು ಗಂಟು ಎಂದುಕೊಂಡಿದ್ದದ್ದು ಮೂಡಿತು. ಒಬ್ಬ ಹೆಂಗಸು ಕುಕ್ಕರುಗಾಲಿನಲ್ಲಿ ಕೂತು, ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಒಡ್ಡಿ, ರೊಟ್ಟಿಗೆ ಕಾಯುತ್ತಿದ್ದಳು.

ಚಿತ್ರ ಮಾಸದಂತೆ ಹೈಪೋ ದ್ರಾವಣದಲ್ಲಿ ಅದ್ದಿ, ತೊಳೆದು, ನೀರು ಸೋರುತ್ತಿರುವಾಗಲೇ ತಂದು ಹಗ್ಗಕ್ಕೆ ಸಿಕ್ಕಿಸಿದೆ. ಪಕ್ಕದಲ್ಲಿ ಸಿದ್ರಾಮನದನ್ನೂ. ನಿಯಮ ನಿಯಮವೇ, ಬಸಂತರಾಯ ಈಗ ಬಾಯಿ ಬಿಡುವಂತಿರಲಿಲ್ಲ. ಸಿದ್ರಾಮ ಹತ್ತಿರ ಹೋಗಿ, ಬಸಂತರಾಯನೇ ಕಲಿಸಿದ ಹಾಗೆ, ಮೂಲೆಯಿಂದ ಮೂಲೆಗೆ ಓದಿದ.

"ಬೆಳಕು ಈ ಸೆರಗೊಡ್ಡಿದಾಕಿ ಬೆನ್ನ ಹಿಂದಿಂದ ಬಂದು ರೊಟ್ಟಿ ಮ್ಯಾಲೆ ಬಿದ್ದೈತ್ರಿ" ಅಂದ. "ಈಕಿ ಮಾರಿ ಕತ್ತಲ್ಯಾಗ ಉಳದೈತಿ. ಆದರೂ ಚಿತ್ರ ಈಗ ನಿಂತೈತ್ರಿ ಗೌಡ್ರ. ಕತ್ತರಿಸಿದ್ದು ತಪ್ಪು."

ಬಸಂತರಾಯ ಸಿದ್ರಾಮನ ಫೋಟೋವನ್ನು ಹಗ್ಗದಿಂದ ಬಿಡಿಸಿ, ಬೆನ್ನು ಮೇಲೆ ಮಾಡಿ, ಪೆನ್ನು ತೆಗೆದು ಸಹಿ ಹಾಕಿದ. ಅದರ ಕೆಳಗೆ ನಾನು ಹಾಕಿದೆ, ಧರೆಪ್ಪ ಎಣ್ಣೆಯ ಬೆರಳು ಒರೆಸಿಕೊಂಡು ಹಾಕಿದ, ಕೊನೆಗೆ ಸಿದ್ರಾಮ.

"ಮುಂದಿನ ಅಮಾಸಿಗೆ ನಮ್ಮ ಮನ್ಯಾಗ ಸೇರೂಣು" ಅಂದ ಬಸಂತರಾಯ. "ಎಲ್ಲಾರೂ ಬರ್ರಿ. ಸಿದ್ರಾಮ, ನೀನೂ. ಒಳಗ ಕುಂದರೂಣು. ತಂಬಿಗಿ ನಾನ ನಿನ್ನ ಕೈಯಾಗ ಕೊಡ್ತೇನಿ."

ಸಿದ್ರಾಮ ಡಬ್ಬಿ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ತಲೆಯೆತ್ತಿ ನೋಡಿದ.

"ಬರ್ತೇನ್ರಿ. ನಮ್ಮವ್ವನ್ನೂ ಕರಕೊಂಡ ಬರ್ತೇನಿ. ಆದರ ತಂಬಿಗಿ ನೀವು ಕೊಡಬ್ಯಾಡ್ರಿ. ನಿಮ್ಮವ್ವ ಕೊಡ್ಲಿ, ನಮ್ಮವ್ವನ ಕೈಗೆ. ಈ ಸಲ ಫೋಟೋ ನೀವು ತಗೀರಿ."

ಬಸಂತರಾಯ ಯಾಶಿಕಾವನ್ನು ಕೊರಳಿಗೆ ಹಾಕಿಕೊಂಡು, ನಮಗೆ ಬೆನ್ನು ಮಾಡಿ, ಬಸ್ ಸ್ಟ್ಯಾಂಡಿನ ಕಡೆ ನಡೆದ. ಅವನ ಕರಿ ರಟ್ಟುಗಳು ನನ್ನ ಮೇಜಿನ ಮೇಲೆಯೇ ಉಳಿದಿದ್ದವು. ಕೂಗಿ ಕರೆಯಬೇಕೆಂದುಕೊಂಡೆ, ಕರೆಯಲಿಲ್ಲ.