ಸವೆಯದ ಹಲ್ಲು

ಅಪ್ಪಾಸಾಬ ಆ ಕಪ್ಪು ಕಲ್ಲನ್ನು ನಾಲಿಗೆಗೆ ತಾಗಿಸಲು ಹೋದಾಗ ಉತ್ತಮ ಮಾಸ್ತರರು ಅವನ ಕೈ ಹಿಡಿದರು.

"ಏನ್ ಮಾಡಾಕತ್ತೀಲೇ? ಒಳಗ ಆಕಿ ಅದಾಳ."

"ಹಳೇ ಎಲುಬಾದ್ರ ನಾಲಿಗಿಗೆ ಅಂಟತೈತೋ. ಕಲ್ಲಾಗಿದ್ರ ಅಂಟೂದಿಲ್ಲ. ನಮ್ಮ ಪರೀಕ್ಷಾನ ಹಿಂಗ."

"ಎಲುಬ ಅನಬ್ಯಾಡ ಮಾರಾಯಾ. ಏನಿದ್ರೂ ಇಂಗ್ಲಿಷಿನ್ಯಾಗ ಹೇಳ."

ಕಾಗವಾಡದ ಮಾಸ್ತರರ ಮನೆಯ ಪಡಸಾಲೆಯಲ್ಲಿ ಗಾಜಿನ ಕಪಾಟೊಂದಿತ್ತು. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಉತ್ತಮ ಮಾಸ್ತರರು ಇಪ್ಪತ್ತು ವರ್ಷಗಳಿಂದ ಕೃಷ್ಣೆಯ ದಂಡೆಯಲ್ಲಿ ಹೆಕ್ಕಿದ ಕಲ್ಲುಗಳೆಲ್ಲ ಅದರಲ್ಲಿದ್ದವು. ಎಂಬತ್ತೇಳರ ಆ ಬೇಸಿಗೆಯಲ್ಲಿ ಸಿಕ್ಕ ಹೆಬ್ಬೆರಳಿನಷ್ಟು ಈ ಕಪ್ಪು ತುಣುಕನ್ನು ಮಾತ್ರ ಹತ್ತಿಯ ಮೇಲೆ ಇಟ್ಟಿದ್ದರು. ಅದೇನೆಂದು ತಿಳಿಯಲು, ಧಾರವಾಡದಲ್ಲಿ ಭೂವಿಜ್ಞಾನ ಕಲಿಸುವ ಬಾಲ್ಯದ ಗೆಳೆಯ ಅಪ್ಪಾಸಾಬನಿಗೆ ಮೂರು ಕಾರ್ಡು ಬರೆದಿದ್ದರು. ತಿಳಿಯದಿದ್ದರೇ ಒಳ್ಳೆಯದೆಂದೂ ಅನಿಸುತ್ತಿತ್ತು. ಗೋಡೆಯ ಆಚೆಗೇ ಜಿನಬಿಂಬವಿದ್ದ ದೇವರ ಕೋಣೆ. ಕಲ್ಲಾದರೆ ಇರಲಿ, ಎಲುಬಿನ ಚೂರಾದರೆ ಅವತ್ತೇ ಹೊಸಿಲು ದಾಟಬೇಕು ಎಂದು ಹೆಂಡತಿ ತಾರಾಬಾಯಿ ಹೇಳಿಬಿಟ್ಟಿದ್ದರು.

ಅಪ್ಪಾಸಾಬ ಸೂಜಿಯಿಂದ ಗೀರಿದ, ಗೀರು ಬೀಳಲಿಲ್ಲ. ಭೂತಗನ್ನಡಿ ಹಿಡಿದು ಅರ್ಧಚಂದ್ರದಂಥ ಮಡಿಕೆಗಳನ್ನು ಎಣಿಸಿದ. ಆಮೇಲೆ ದನಿ ತಗ್ಗಿಸಿ, "ಟೂತ್," ಎಂದ.

ಚಹಾ ತಂದ ತಾರಾಬಾಯಿ ಬಾಗಿಲಲ್ಲೇ ನಿಂತರು.

"ಟೂತ್ ಅಂದ್ರ ಹಲ್ಲಲ್ಲೇನ್ರಿ ಅಣ್ಣಾರ? ದಿನಾ ಮುಂಜಾನಿ ಟೂತ್ ಪಾವಡರ್ ಹಚ್ಚಿ ತಿಕ್ಕತೀನಿ, ಅಷ್ಟೂ ತಿಳಿಯೂದಿಲ್ಲೇನ್ರಿ ನನಗ?"

ಉತ್ತಮ ಮಾಸ್ತರರು ಕಪಾಟಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತರು.

"ಹಲ್ಲ ಇತ್ರಿ ವೈನಿ. ಈಗ ಪೂರ್ತಿ ಕಲ್ಲ. ನೋಡ್ರಿ, ಅಂಟೂದಿಲ್ಲ." ಅಪ್ಪಾಸಾಬ ಅದನ್ನು ನಾಲಿಗೆಗೆ ಒತ್ತಿ ತೋರಿಸಿದ. ತಾರಾಬಾಯಿ ಕಣ್ಣು ಮುಚ್ಚಿಕೊಂಡರು. "ಹತ್ತಿಪ್ಪತ್ತು ಸಾವಿರ ವರ್ಷ ಆಗಿರಬೇಕು. ಮನ್ಯಾಗ ಬ್ಯಾಡಂದ್ರ ನಾ ಒಯ್ತೀನಿ. ಕಾಲೇಜಿನ್ಯಾಗ ನಂಬರ್ ಹಚ್ಚಿ ಡಬ್ಬಿನ್ಯಾಗ ಇಡತೀವಿ."

"ಯಾತರದ್ರಿ ಅದು?"

"ದನದ ಜಾತೀದು. ಮ್ಯಾಲ ನೋಡ್ರಿ, ಒಟ್ಟ ಸವದಿಲ್ಲ. ಹುಲ್ಲ ತಿಂದಿದ್ರ ಸವೀತಿತ್ತು. ಈ ಹಲ್ಲ ಹೊರಗ ಬರೂದ್ರಾಗ ಆ ಜೀವ ಹೋಗೇತಿ."

"ಅಂದ್ರ ಕರ?"

"ಹೌದ್ರಿ, ಕರಾನ."

ತಾರಾಬಾಯಿ ಕಪ್ಪುಗಳನ್ನು ಇಳಿಸಿದರು. ಸೆರಗಿಗೆ ಕೈ ಒರೆಸಿಕೊಂಡು, ಇಷ್ಟು ದಿನ ಮುಟ್ಟದಿದ್ದ ಆ ತುಣುಕನ್ನು ಅವನ ಕೈಯಿಂದ ತೆಗೆದುಕೊಂಡರು.

"ಬಸ್ಸಿನ ಗದ್ದಲದಾಗ ಎಲ್ಲಿ ಒಯ್ತೀರಿ ಇದನ್ನ," ಎಂದರು. "ಚಹಾ ಕುಡೀರಿ, ಆರತೈತಿ."

ಸಂಜೆ ಕಪಾಟಿನಲ್ಲಿ ಹತ್ತಿಯೂ ಇರಲಿಲ್ಲ. ಹಾಲು ಹಿಂಡುವ ಹೊತ್ತಿಗೆ ಉತ್ತಮ ಮಾಸ್ತರರು ಹಿತ್ತಲ ದನದ ಮನೆಗೆ ಹೋದರು. ಮೇವು ಹಾಕುವ ಗ್ವಾದಲಿಯ ಮೇಲಿನ ಗೂಡಿನಲ್ಲಿ, ದೀಪದ ಬುಡ್ಡಿಯನ್ನು ಬದಿಗೆ ಸರಿಸಿದ ಜಾಗದಲ್ಲಿ, ಆ ಹಲ್ಲು ಹತ್ತಿಯ ಮೇಲೆ ಕೂತಿತ್ತು. ಕೆಳಗೆ ತಾರಾಬಾಯಿ ಕರು ಬಿಟ್ಟು, ಎಳೆದು ಕಟ್ಟದೆ ನಿಂತಿದ್ದರು. ಅದು ಕೆಚ್ಚಲಿಗೆ ಮೂತಿ ಗುದ್ದಿ ಗುದ್ದಿ ಕುಡಿಯುತ್ತಿತ್ತು. ಕೈಯಲ್ಲಿನ ಹಾಲಿನ ತಂಬಿಗೆ ಇನ್ನೂ ಖಾಲಿ ಇತ್ತು.