ಎಳ್ಳಲ್ಲದ ಕರಿಕಾಳು

ಅಂಗಡಿಯಿಂದ ತಂದ ಕಾಳನ್ನು ನಾವು ನಾಲ್ಕು ಸಲ ಕೇರುತ್ತೇವೆ, ಕಲ್ಲು ಆರಿಸುತ್ತೇವೆ, ಅಂಗಡಿಯವನನ್ನು ಬೈಯುತ್ತೇವೆ. ಊರಿನಿಂದ ನಮ್ಮವರು ಬೆಳೆದು ಕಳಿಸಿದ ಕಾಳನ್ನು ಹಾಗೆ ನೋಡಲು ಮನಸ್ಸೇ ಬರುವುದಿಲ್ಲ.

1958ರ ಸಂಕ್ರಾಂತಿಗೆ ಎರಡು ದಿನವಿದ್ದಾಗ ಮದರಾಸಿನ ಪೆರಂಬೂರಿನ ಒಂದು ವಠಾರಕ್ಕೆ ಅಂಥ ಒಂದು ಚೀಲ ಬಂತು. ಬಂದದ್ದು ಕುಷ್ಟಗಿ ಸೀಮೆಯ ನೀಲವ್ವನ ಮನೆಗೆ. ಅವಳ ತಮ್ಮ ತನ್ನ ಹೊಲದ ಹೊಸ ಸಜ್ಜೆಯನ್ನು ರೈಲಿನಲ್ಲಿ ಬರುವವರ ಕೈಯಲ್ಲಿ ಕಳಿಸಿದ್ದ. ನೀಲವ್ವನ ಮಗ ಕಾಂತಪ್ಪ ಅಲ್ಲೇ ಹತ್ತಿರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಸೊಸೆ ಸುಗುಣಾ ಐದು ತಿಂಗಳ ಬಸುರಿ.

ನೀಲವ್ವ ಚೀಲ ಬಿಚ್ಚಿ ಒಂದು ಹಿಡಿ ಕಾಳನ್ನು ಮೂಸಿದಳು. "ನೋಡ, ನಮ್ಮ ಹೊಲದ ವಾಸನಿ. ಈ ಊರಾಗ ಅನ್ನ ಉಂಡು ಉಂಡು ನನ್ನ ಮಗನ ತೋಳು ಪಡವಲಕಾಯಿ ಆಗ್ಯಾವು."

ಸುಗುಣಾ ಮೊರದಲ್ಲಿ ಕಾಳು ಹರವಿದಳು. ನಡುನಡುವೆ ಕಪ್ಪಗೆ ಏನೋ ಇತ್ತು. "ಅತ್ತಿ, ಇವೇನ್ರಿ ಕರೀವು?"

ನೀಲವ್ವನ ಕಣ್ಣಿಗೆ ಪೊರೆ ಬಂದಿತ್ತು. ಅಡುಗೆಮನೆಯಲ್ಲಿ ಬೆಳಕೂ ಅಷ್ಟಕ್ಕಷ್ಟೆ. "ಎಳ್ಳು ಬಿಡ. ಕಣದಾಗ ಕೂಡಿರತಾವು. ನಾಳೆ ಹೆಂಗಿದ್ರೂ ಭೋಗಿ. ರೊಟ್ಟಿಗೆ ಎಳ್ಳು ಹಚ್ಚೂದ ಐತಿ, ಒಳಗೂ ಇರಲಿ."

ಭೋಗಿಯ ಬೆಳಿಗ್ಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಯಿತು. ಕಾಂತಪ್ಪ ಎರಡು ತಿಂದು, ಎರಡು ಕಟ್ಟಿಸಿಕೊಂಡು ಕೆಲಸಕ್ಕೆ ಹೋದ. ಮಧ್ಯಾಹ್ನ ಮೂರಕ್ಕೆ ಅವನನ್ನು ಇಬ್ಬರು ಹಿಡಿದುಕೊಂಡು ರಿಕ್ಷಾದಲ್ಲಿ ಕರೆತಂದರು. ಯಂತ್ರದ ಮುಂದೆ ತೂಗಾಡಿದನಂತೆ, ಗೋಡೆಯ ಹತ್ತಿರ ವಾಂತಿ ಮಾಡಿದನಂತೆ, ಅಲ್ಲೇ ಕುಸಿದು ನಿದ್ದೆ ಹೋದನಂತೆ. ಫೋರ್‌ಮನ್ ಬಂದು ಬಾಯಿ ಮೂಸಿ, "ಕುಡಿಚ್ಚಿಟ್ಟು ವಂದಿಯಾ?" ಎಂದು, ಅಂದರೆ ಕುಡಿದು ಬಂದೆಯಾ ಎಂದು, ಎಲ್ಲರ ಎದುರಿಗೆ ಕೇಳಿದನಂತೆ.

ಅವು ಮದರಾಸಿನಲ್ಲಿ ಪಾನನಿಷೇಧದ ವರ್ಷಗಳು. ಬಾಯಿ ವಾಸನೆ ಬರಲಿಲ್ಲ ಎಂದರೂ ಜನ ಬಿಡುತ್ತಿರಲಿಲ್ಲ. ಸಾರಾಯಿ ಸಿಗದವರು ಕುಡಿಯುವ ವಾರ್ನಿಷ್ ಕುಡಿದಿರಬೇಕು ಎನ್ನುತ್ತಿದ್ದರು. ವಠಾರದ ನಲ್ಲಿಯ ಹತ್ತಿರವೂ ಅದೇ ಮಾತು ಓಡಾಡಿತು.

ಕಾಂತಪ್ಪ ಮರುದಿನ ಸಂಜೆಯವರೆಗೆ ಮಲಗಿದ. ಎದ್ದಾಗ ಯಾರೂ ಅವನನ್ನು ಏನೂ ಕೇಳಲಿಲ್ಲ. ಸುಗುಣಾಳ ತಂದೆ ಕುಡಿದು ಕುಡಿದೇ ಸತ್ತವನು. ಹೀಗೆ ನಿದ್ದೆ ಹೋಗುವ ಗಂಡಸನ್ನು ನೋಡುತ್ತ ಬೆಳೆದವಳು ಅವಳು. ಗಂಡನ ಮುಂದೆ ನೀರಿನ ತಂಬಿಗೆ ಇಟ್ಟು ಮುಖ ತಿರುಗಿಸಿದಳು. ಅವನಿಗೆ ಅರ್ಥವಾಯಿತು. 'ನಾನು ಕುಡಿದಿಲ್ಲ' ಎಂದು ಹೇಳಬಹುದಿತ್ತು. ಕೇಳದವರಿಗೆ ಹೇಗೆ ಹೇಳುವುದು ಎಂದು ಅವನೂ ಸುಮ್ಮನಾದ. ಒಂದೇ ಕೋಣೆಯ ಮನೆಯಲ್ಲಿ ಇಬ್ಬರು ಸುಮ್ಮನಿದ್ದರೆ ಮೂರನೆಯವರಿಗೆ ಉಸಿರಾಡುವುದೂ ಕಷ್ಟ.

ನೀಲವ್ವ ತನಗೆ ತಿಳಿದ ಮದ್ದು ಮಾಡಿದಳು. ಮಗನಿಗೆ ಶಕ್ತಿ ಬರಲೆಂದು ಬಿಸಿ ಸಜ್ಜೆ ರೊಟ್ಟಿ ಬಡಿದು, ಬೆಣ್ಣೆ ಹಾಕಿ ತಿನ್ನಿಸಿದಳು. ಹಬ್ಬದ ರಜೆ ಮುಗಿದು ಗುರುವಾರ ಕೆಲಸಕ್ಕೆ ಹೋದವನು ಮತ್ತೆ ಹಾಗೆಯೇ ಮನೆಗೆ ಬಂದ. ಈ ಸಲ ಫೋರ್‌ಮನ್ ಹೇಳಿ ಕಳಿಸಿದ: ಸೋಮವಾರ ಬಂದು ಜವಾಬು ಕೊಡಬೇಕು. ಇಲ್ಲದಿದ್ದರೆ ಕೆಲಸವಿಲ್ಲ.

ಶುಕ್ರವಾರ ಅನಸೂಯಾ ಬಂದರು. ಕುಂದಾಪುರದ ಕಡೆಯವರು, ಕಾರ್ಪೊರೇಷನ್ನಿನ ಆರೋಗ್ಯ ಕೇಂದ್ರದಲ್ಲಿ ದಾದಿ. ಬಸುರಿಯರನ್ನು ನೋಡಲು ತಿಂಗಳಿಗೊಮ್ಮೆ ಈ ವಠಾರಕ್ಕೆ ಬರುತ್ತಿದ್ದರು.

"ಎಂತ ಸುಗುಣಾ, ಕಣ್ಣು ಇಷ್ಟು ಗುಂಡಿ ಬಿದ್ದಿದೆ?"

"ಏನಿಲ್ರಿ ಅಕ್ಕಾರ. ವಾಂತಿ ಆಗತೈತಿ. ತಲಿ ತಿರುಗತೈತಿ. ಬರೇ ನಿದ್ದಿ."

"ಐದು ತಿಂಗಳಲ್ಲಿ ಹೊಸದಾಗಿ ವಾಂತಿಯಾ? ಯಾವತ್ತಿಂದ?"

"ಭೋಗಿಯಿಂದ."

ಅನಸೂಯಾ ಮೂಲೆಯಲ್ಲಿ ಮಲಗಿದ್ದ ಕಾಂತಪ್ಪನ ಕಡೆ ನೋಡಿದರು. "ಅವರಿಗೆ ಎಂತ ಆಗಿದೆ?"

 ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲವನ್ನೂ ಹೇಳಿದಳು. ನಾಲ್ಕು ದಿನದಿಂದ ಎಲ್ಲರೂ ಅವನ ಬಾಯಿ ಮೂಸಿದ್ದರು. ಅನಸೂಯಾ ಮಾತ್ರ ಬೇರೆ ಪ್ರಶ್ನೆ ಕೇಳಿದರು.

"ಅವರು ತಿಂದದ್ದು ಎಂತದು? ಸುಗುಣಾ ತಿಂದದ್ದು ಎಂತದು?"

"ಇಬ್ರೂ ಸಜ್ಜಿ ರೊಟ್ಟಿ."

"ನೀವು, ಅಮ್ಮಾ?"

"ನಾ ಎಲ್ಲಿ ತಿಂತೀನಿ? ಹಳೇ ಜೋಳದ ಹಿಟ್ಟು ಉಳದಿತ್ತು, ಅದನ್ನ ಮುಗಸಾಕತ್ತೀನಿ. ಹೊಸಾದು ಮಕ್ಕಳಿಗೆ."

ಅನಸೂಯಾ ಒಂದು ಹಿಡಿ ಸಜ್ಜೆಯನ್ನು ಅಂಗಳಕ್ಕೆ ತಂದು ಬಿಳಿ ಕಾಗದದ ಮೇಲೆ ಹರವಿದರು. ಬಿಸಿಲಿನಲ್ಲಿ ಕರಿಕಾಳು ಎದ್ದು ಕಂಡವು. "ನಾನು ಇದನ್ನು ಡಾಕ್ಟರಮ್ಮನಿಗೆ ತೋರಿಸ್ತೇನೆ. ಅಲ್ಲಿಯ ತನಕ ಈ ರೊಟ್ಟಿ ಯಾರೂ ತಿನ್ನುದು ಬೇಡ."

ನೀಲವ್ವನ ಮುಖ ಬಿಗಿಯಿತು. "ಅಂದ್ರ? ನನ್ನ ತಮ್ಮ ವಿಷಾ ಕಳಸ್ಯಾನೇನು? ಕುಚ್ಚಲಕ್ಕಿ ಗಂಜಿ ಕುಡಿಯೋರು ನೀವು. ಸಜ್ಜಿ ಅಂದ್ರ ನಿಮಗೇನು ತಿಳೀತೈತಿ?"

"ಸಜ್ಜೆ ಗೊತ್ತಿಲ್ಲಮ್ಮ, ನಿಜ. ಆದ್ರೆ ಆ ಕರಿಕಾಳಿನ ಹಾಗಿನದ್ದು ನನಗೆ ಸ್ವಲ್ಪ ಗೊತ್ತು" ಎಂದು ನಕ್ಕು, ಅನಸೂಯಾ ಕಾಂತಪ್ಪನನ್ನೂ ಸುಗುಣಾಳನ್ನೂ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಇಬ್ಬರನ್ನೂ ನೋಡಿದರು, ಕಾಳನ್ನೂ ನೋಡಿದರು.

ಶನಿವಾರ ಬೆಳಿಗ್ಗೆ ಅನಸೂಯಾ ಡಾಕ್ಟರಮ್ಮ ಬರೆದುಕೊಟ್ಟ ಒಂದು ಕಾಗದ ಹಿಡಿದು ಮತ್ತೆ ಬಂದರು. ನೀಲವ್ವ ಒಲೆಯ ಮುಂದೆ ಕುಳಿತಿದ್ದಳು. ತಟ್ಟೆಯಲ್ಲಿ ಸಜ್ಜೆ ರೊಟ್ಟಿ.

"ಬರ್ರಿ ಅಕ್ಕಾರ. ನಿಮ್ಮ ಎದುರಿಗೇ ತಿಂತೀನಿ. ನನಗೇನಾರ ಆದ್ರ ನಿಮ್ಮ ಮಾತು ಖರೆ, ಆಗದಿದ್ರ ನನ್ನ ತಮ್ಮ ಖರೆ."

"ಅಯ್ಯೋ, ಸುಳ್ಳು ಯಾರದ್ದೂ ಅಲ್ಲ ಮಾರಾಯ್ರೆ! ತಿನ್ನುವ ಮೊದಲು ನನಗೊಂದು ಉಪಕಾರ ಮಾಡಿ. ನಿಮ್ಮ ಡಬ್ಬದ ಎಳ್ಳು ಒಂದು ಚಿಟಿಕೆ ಕೊಡಿ."

ನೀಲವ್ವ ಕೊಟ್ಟಳು. ಅನಸೂಯಾ ಅವಳ ಎಡಗೈಯಲ್ಲಿ ಎಳ್ಳು ಹಾಕಿದರು, ಬಲಗೈಯಲ್ಲಿ ಸಜ್ಜೆಯಿಂದ ಆರಿಸಿದ ಕರಿಕಾಳು.

"ಕಣ್ಣು ಬೇಡ. ಬೆರಳಲ್ಲಿ ನೋಡಿ."

ನೀಲವ್ವ ಎರಡನ್ನೂ ಬೆರಳಲ್ಲಿ ಹೊಸಕಿದಳು. ಐವತ್ತು ವರ್ಷ ಕಾಳು ಮುಟ್ಟಿದ ಬೆರಳು. ಎಳ್ಳು ಚಪ್ಪಟೆಯಾಗಿ ನುಣ್ಣಗೆ ಜಾರಿತು. ಇನ್ನೊಂದು ಜಾರಲಿಲ್ಲ. ಉದ್ದ, ಒರಟು, ಸೊಟ್ಟ. ಉಗುರಿನಿಂದ ಒತ್ತಿದಾಗ ಒಣ ತೊಗಟೆಯ ಹಾಗೆ ಮುರಿಯಿತು. ಅವಳು ಮತ್ತೊಮ್ಮೆ ಹೊಸಕಿದಳು.

"ಇದು ಎಳ್ಳಲ್ಲ" ಎಂದಳು ಮೆಲ್ಲಗೆ.

"ಅಲ್ಲ. ಇದೊಂದು ಬೂಷ್ಟು, ಅಮ್ಮಾ. ಅರ್ಗಟ್ ಅಂತ ಹೆಸರು. ತೆನೆ ಹೂ ಬಿಡುವಾಗ ಮೋಡ ಮುಚ್ಚಿ ಮಳೆ ಹನೀತಾ ಇದ್ರೆ ಬರ್ತದೆ. ಮೊದಲು ತೆನೆಯಿಂದ ಜೇನಿನ ಹಾಗೆ ಅಂಟು ಸೋರ್ತದೆ. ಆಮೇಲೆ ಕಾಳಿನ ಜಾಗದಲ್ಲಿ ಇದು ಬೆಳೀತದೆ. ನಿಮ್ಮ ತಮ್ಮನ ತಪ್ಪು ಎಂತದೂ ಇಲ್ಲ."

ಕಾಂತಪ್ಪ ಎದ್ದು ಕುಳಿತಿದ್ದ. ಸುಗುಣಾ ಬಾಗಿಲ ಹತ್ತಿರ ನಿಂತಿದ್ದಳು. ಅನಸೂಯಾ ಎಲ್ಲರಿಗೂ ಕೇಳುವಂತೆ ಹೇಳಿದರು.

"ಯುರೋಪಿನಲ್ಲಿ ರೈ ಅಂತ ಒಂದು ಧಾನ್ಯ ಉಂಟು. ಅದಕ್ಕೆ ಇದರದ್ದೇ ಜಾತಿಯ ಬೂಷ್ಟು ಬರ್ತಿತ್ತು. ಆ ಹಿಟ್ಟಿನ ರೊಟ್ಟಿ ತಿಂದ ಬಡವರ ಕೈಕಾಲು ಬೆಂಕಿ ಬಿದ್ದ ಹಾಗೆ ಉರಿದು, ಬೆರಳು ಕಪ್ಪಾಗಿ ಉದುರಿ ಹೋಗ್ತಿದ್ವಂತೆ. ಕೆಲವರಿಗೆ ಸೆಳವು ಬರ್ತಿತ್ತು. ಜನ ದೇವರ ಶಾಪ ಅಂದ್ರು. ನೂರಾರು ವರ್ಷ ಯಾರೂ ರೊಟ್ಟಿಯ ಕಡೆ ನೋಡ್ಲೇ ಇಲ್ಲ."

"ಅಯ್ಯ ಶಿವನ!" ಎಂದಳು ನೀಲವ್ವ.

"ಹೆದರಬೇಡಿ, ಸಜ್ಜೆಯದ್ದು ಬೇರೆ ಬಗೆ. ಇದು ವಾಂತಿ, ತಲೆಸುತ್ತು, ದಿನಗಟ್ಟಲೆ ನಿದ್ದೆ ತರ್ತದೆ. ಒಂದೆರಡು ವರ್ಷದ ಹಿಂದೆ ಬೊಂಬಾಯಿ ರಾಜ್ಯದ ಹಳ್ಳಿಗಳಲ್ಲಿ ಸಜ್ಜೆ ತಿಂದವರಿಗೆ ಹೀಗೇ ಆಗಿತ್ತು ಅಂತ ಡಾಕ್ಟರಮ್ಮ ಹೇಳಿದ್ರು. ತಿನ್ನುದು ಬಿಟ್ರೆ ಸರಿ ಹೋಗ್ತಾರೆ. ಹಾಗಂತ ಬಸುರಿಯರು ಅದರ ಹತ್ತಿರವೂ ಹೋಗಬಾರದು."

"ನಿಮಗ ಇದು ಮೊದಲ ಹೆಂಗ ಗೊತ್ತಿತ್ರಿ?" ಎಂದು ಸುಗುಣಾ ಕೇಳಿದಳು.

"ಆ ರೈಯ ಕರಿಕಾಳಿನಿಂದಲೇ ಔಷಧಿ ಮಾಡಿದ್ದಾರೆ. ಹೆರಿಗೆ ಆದ ಮೇಲೆ ರಕ್ತ ನಿಲ್ಲದಿದ್ರೆ ನಾವು ಕೊಡುವ ಇಂಜೆಕ್ಷನ್ ಅದೇ. ಎಷ್ಟೋ ತಾಯಂದಿರು ನನ್ನ ಕಣ್ಣೆದುರೇ ಅದರಿಂದ ಉಳಿದಿದ್ದಾರೆ. ಅದು ಅಳೆದು ಕೊಡುವ ಮದ್ದು. ರೊಟ್ಟಿಯಲ್ಲಿ ಬಂದ್ರೆ ಅಳತೆ ನೋಡುವವರು ಯಾರು?"

ನೀಲವ್ವ ಚೀಲದ ಕಡೆ ನೋಡಿದಳು. "ಹಂಗಾರ ಇಷ್ಟೂ ಚೆಲ್ಲಬೇಕೇನ್ರಿ? ಬೆಳೆದವನ ಬೆವರು ಐತಿ ಅದರಾಗ."

"ಬೀಸಿದ ಹಿಟ್ಟು ಮಾತ್ರ ಹೋಯ್ತು ಅಂತ ತಿಳ್ಕೊಳ್ಳಿ. ಹಿಟ್ಟಿನಿಂದ ಇದನ್ನು ಬೇರೆ ಮಾಡ್ಲಿಕ್ಕೆ ಆಗುದಿಲ್ಲ. ಕಾಳನ್ನು ಉಳಿಸಬಹುದು. ಕಾಂತಪ್ಪನವರೇ, ಆ ದೊಡ್ಡ ಬೋಗುಣಿ ತನ್ನಿ."

ಹತ್ತು ಪಾಲು ನೀರಿಗೆ ಎರಡು ಪಾಲು ಉಪ್ಪು ಹಾಕಿ ಕರಗಿಸಿದರು. ಸಜ್ಜೆ ಸುರಿದು ಕೈಯಾಡಿಸಿದರು. ವಠಾರದ ಹೆಂಗಸರೆಲ್ಲ ಕೊಡ ಬಿಟ್ಟು ಬಂದು ಸುತ್ತ ನಿಂತರು. ಒಳ್ಳೆಯ ಕಾಳು ತಳಕ್ಕೆ ಇಳಿಯಿತು. ಕರಿಕಾಳು ಒಂದೊಂದಾಗಿ ಮೇಲೆ ಬಂದು ತೇಲಿತು. ಒಂದು ಬೋಗುಣಿಯಲ್ಲೇ ಅಂಗೈ ತುಂಬ ಸಿಕ್ಕಿತು. ಅದನ್ನು ಜಾಲರಿಯಲ್ಲಿ ತೆಗೆದು, ಉಳಿದ ಕಾಳನ್ನು ಒಳ್ಳೆಯ ನೀರಿನಲ್ಲಿ ನಾಲ್ಕು ಸಲ ತೊಳೆದು ಬಿಸಿಲಿಗೆ ಹರವಿದರು. ಹಿಟ್ಟನ್ನೂ ತೇಲಿದ್ದನ್ನೂ ಕೋಳಿ ಕುರಿ ಮುಟ್ಟದ ಹಾಗೆ ಆಳವಾಗಿ ಹೂಳಲು ಅನಸೂಯಾ ಹೇಳಿದರು.

ನೀಲವ್ವ ಹರವಿದ ಕಾಳಿನ ಮುಂದೆ ತುಂಬ ಹೊತ್ತು ಕುಳಿತಿದ್ದಳು. ಕೊನೆಗೆ ಮಗನ ಕಡೆ ತಿರುಗದೆ, "ಬೆಣ್ಣಿ ಹಚ್ಚಿ ಹಚ್ಚಿ ನಾನ ತಿನಿಸೀನಿ" ಎಂದಳು. ಕಾಂತಪ್ಪ ಬಂದು ಪಕ್ಕದಲ್ಲಿ ಕುಳಿತ.  ಈ ಸಲದ ಮೌನ ಯಾರ ಉಸಿರನ್ನೂ ಕಟ್ಟಲಿಲ್ಲ.

ಸೋಮವಾರ ಡಾಕ್ಟರಮ್ಮನ ಕಾಗದ ಹಿಡಿದು ಕಾಂತಪ್ಪ ಹೊರಟಾಗ ನೀಲವ್ವನೂ ಚಪ್ಪಲಿ ಮೆಟ್ಟಿದಳು. "ನಿನಗ ತಮಿಳು ಬರೂದಿಲ್ಲಬೇ" ಎಂದ ಮಗ. "ನಿನಗ ಬರತೈತಲ್ಲ" ಎಂದಳು.

ಫೋರ್‌ಮನ್ ಕಾಗದ ಓದುತ್ತಿದ್ದ ಹಾಗೆ ಅವಳು ಸೆರಗಿನ ಗಂಟು ಬಿಚ್ಚಿ, ಹೂಳದೆ ಉಳಿಸಿಕೊಂಡಿದ್ದ ಕರಿಕಾಳನ್ನು ಅವನ ಮೇಜಿನ ಮೇಲೆ ಇಟ್ಟಳು.

"ನನ್ನ ಮಗ ಕುಡಿದಿಲ್ಲ. ಇದನ್ನ ತಿಂದಾನ. ತಿನಿಸಿದಾಕಿ ನಾನು. ಬೈಯೂದಿದ್ರ ನನ್ನ ಬೈರಿ. ಹೇಳೋ, ಅವರಿಗೆ ಹೇಳು."

 ತನ್ನ ಪರವಾಗಿ ಒಂದು ಮಾತೂ ಆಡದಿದ್ದ ಕಾಂತಪ್ಪ ತಾಯಿಯ ಮಾತನ್ನು ಒಂದೊಂದಾಗಿ ತಮಿಳಿನಲ್ಲಿ ಹೇಳಿದ. "ಅಮ್ಮಾ ಸೊಲ್ರಾಂಗ... ನಾನ್ ಕುಡಿಕ್ಕಲೆ" ಎಂದು, ಅಮ್ಮ ಹೇಳುತ್ತಾಳೆ ನಾನು ಕುಡಿದಿಲ್ಲ ಎಂದು, ಶುರು ಮಾಡಿ ಕೊನೆಯವರೆಗೂ ಹೇಳಿದ. ಸುತ್ತ ಯಂತ್ರಗಳ ಹತ್ತಿರ ನಿಂತವರೂ ಕೇಳಿಸಿಕೊಂಡರು.

ಫೋರ್‌ಮನ್ ತಿಂಡಿವನದ ಕಡೆಯ ರೈತನ ಮಗ. ಕಾಳನ್ನು ಬೆರಳಲ್ಲಿ ಹಿಡಿದು, "ಕಂಬು?" ಎಂದು ಕೇಳಿದ. ಸಜ್ಜೆಗೆ ಅಲ್ಲಿ ಆ ಹೆಸರು. ಅವನ ಮನೆಯಲ್ಲೂ ದಿನ ಬೆಳಗಾದರೆ ಕಂಬಿನ ಗಂಜಿಯೇ.  ನಾಲ್ಕು ಕರಿಕಾಳನ್ನು ಕಾಗದದಲ್ಲಿ ಮಡಚಿ, ಊರಿನ ತಾಯಿಗೆ ತೋರಿಸಬೇಕು ಎಂದು ಜೇಬಿಗೆ ಹಾಕಿಕೊಂಡ. ಆಮೇಲೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, "ನಾನ್ ಸೊನ್ನದು ತಪ್ಪು" ಎಂದ. ತಾನು ಅಂದದ್ದು ತಪ್ಪು ಎಂದು. ನೀಲವ್ವನಿಗೆ ಅದನ್ನು ಯಾರೂ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಲಿಲ್ಲ. ಅವಳು ಕೈ ಮುಗಿದಳು.

ಆ ಸಂಜೆ ಸುಗುಣಾ ಗಂಡನಿಗೆ ಅನ್ನ ಬಡಿಸುತ್ತ, "ನಾ ಅವತ್ತ ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು" ಎಂದಳು.

"ಈಗ ಕೇಳಿದ್ಯಲ್ಲ" ಎಂದು ಅವನು ನಕ್ಕ.

ವೈಶಾಖದಲ್ಲಿ ಅವರಿಗೆ ಹೆಣ್ಣು ಮಗು ಹುಟ್ಟಿತು, ಆರೋಗ್ಯವಾಗಿ. ಹೆಸರಿಡುವ ದಿನ ನೀಲವ್ವ ಯಾರನ್ನೂ ಕೇಳದೆ ಮಗುವಿನ ಕಿವಿಯಲ್ಲಿ ಅನಸೂಯಾ ಎಂದು ಕರೆದಳು.

ಓದುವ ತಾಯಂದಿರೇ, ಕೇಳುವ ಅಣ್ಣತಮ್ಮಂದಿರೇ, ನಿಮ್ಮ ಮನೆಗೂ ಸಜ್ಜೆ ಬಂದರೆ ಬೀಸುವ ಮೊದಲು ಒಂದು ಹಿಡಿಯನ್ನು ಬಿಸಿಲಿನಲ್ಲಿ ಬಿಳಿ ಬಟ್ಟೆಯ ಮೇಲೆ ಹರವಿ ನೋಡಿ. ಕರಿಕಾಳು ಕಂಡರೆ ಆರಿಸಿ, ಉಪ್ಪುನೀರಿನಲ್ಲಿ ತೇಲಿಸಿ ತೆಗೆಯಿರಿ, ಚೆನ್ನಾಗಿ ತೊಳೆದು ಒಣಗಿಸಿ. ಬೀಸಿ ಆಗಿದ್ದರೆ ಆ ಹಿಟ್ಟಿನ ಮೇಲೆ ಆಸೆ ಬೇಡ. ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ವಾಂತಿ, ತಲೆಸುತ್ತು, ಬಿಡದ ನಿದ್ದೆ ಬಂದರೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಿಂದ ಕಾಳನ್ನೂ ಜೊತೆಗೆ ಒಯ್ಯಿರಿ. ಮನೆಯಲ್ಲಿ ಯಾರಾದರೂ ಹೀಗೆ ತೂಗಾಡುತ್ತ ಬಂದರೆ, ಅವರ ಬಾಯಿ ಮೂಸುವ ಮೊದಲು ದಯವಿಟ್ಟು ಏನು ತಿಂದೆ ಎಂದು ಕೇಳಿ.