ಹೂವಿಲ್ಲದೆ ಇಳಿದ ಹಸುಗಳು

ರಾತ್ರಿಯೆಲ್ಲ ಕೂತು ಕಟ್ಟಿದ್ದ ಹೂಕಿರೀಟಗಳನ್ನು ನೋಟ್‌ಬುರ್ಗಾ ಒಂದೊಂದಾಗಿ ಬಿಚ್ಚತೊಡಗಿದಳು.

"ಅಯ್ಯೋ, ತಲೆ ಕೆಟ್ಟಿದ್ಯಾ ನಿಂಗೆ?" ಹಾಲು ಕರೆಯುವ ಮುದುಕ ಕಾಸಿಯಾನ್ ಬಕೆಟ್ಟು ಕುಕ್ಕಿದ.

"ಸೆಂಟಾ ಸತ್ತಿದಾಳೆ. ಹೂ ಹ್ಯಾಗೆ ಮುಡಿಸ್ಲಿ?"

ಮುಂಜಾನೆಯ ಮಂಜಿನಲ್ಲಿ ಅವಳದೇ ಹಸು ಸೆಂಟಾ ಬಂಡೆಯಿಂದ ಜಾರಿ ಬಿದ್ದಿತ್ತು. ಬೇಸಿಗೆಯೆಲ್ಲ ರೋಟ್‌ಹಾರ್ನ್ ಶಿಖರದ ಕೆಳಗೆ ಮೇಯ್ದ ದನಗಳು ಒಂದೂ ಸಾಯದೆ ಉಳಿದರಷ್ಟೇ ಹೂ ಮುಡಿದು, ಗಂಟೆ ಬಾರಿಸುತ್ತ ಊರಿಗೆ ಇಳಿಯಬೇಕು. ಒಂದು ಸತ್ತರೂ ಎಲ್ಲವೂ ಬರಿದಲೆಯಲ್ಲಿ, ಸದ್ದಾಗದಂತೆ ಗಂಟೆಯೊಳಗೆ ಹುಲ್ಲು ತುರುಕಿಸಿಕೊಂಡು ಇಳಿಯಬೇಕು. ಅದು ಊರಿನ ಹಳೆಯ ವಾಡಿಕೆ.

"ಸತ್ತಿದ್ದು ನಿನ್ನ ಹಸು ಕಣೇ. ಊರೋರ ನಲವತ್ಮೂರೂ ಗಟ್ಟಿಯಾಗಿವೆ. ಯಾರ್ ಕೇಳ್ತಾರೆ? ಹಿಂಗೇ ಹೋದ್ರೆ ಆ ವಿಂಜೆನ್ಸ್ ಬಾಯಿಗೆ ನೀನಾಗೇ ಹೋಗಿ ಬಿದ್ದ ಹಾಗೆ. ಬೆಟ್ಟ ಕೈ ತಪ್ತು ಅಂತ್ಲೇ ತಿಳ್ಕೋ."

ಅದೂ ನಿಜವೇ. ಅಪ್ಪ ಸತ್ತ ಮೇಲೆ ಊರು ಬೆಟ್ಟದಲ್ಲಿ ದನ ಕಾಯುವ ಕೆಲಸವನ್ನು ಅವಳಿಗೆ ಒಪ್ಪಿಸಿದ್ದು ಒಂದೇ ಬೇಸಿಗೆಯ ಮಟ್ಟಿಗೆ. "ಹೆಂಗಸು ಚೀಸ್ ಮಾಡ್ಲಿ, ದನ ಕಾಯೋದು ಆಗೋ ಮಾತಾ?" ಎಂದು ಸಭೆಯಲ್ಲಿ ವಿಂಜೆನ್ಸ್ ಎಲ್ಲರನ್ನೂ ನಗಿಸಿದ್ದ. ಈ ಬೆಟ್ಟ ಬಿಟ್ಟರೆ ಅವಳಿಗೆ ಬೇರೇನೂ ಬೇಕಿರಲಿಲ್ಲ.

"ನಂದಾದ್ರೆ ಅದು ಹಸು ಅಲ್ವಾ?" ಎಂದವಳು ಗಂಟೆಗಳಿಗೆ ಹುಲ್ಲು ತುರುಕಲು ಎದ್ದಳು.

ಮಧ್ಯಾಹ್ನ ಸೇತುವೆಯ ಬಳಿ ಊರೇ ನೆರೆದಿತ್ತು. ಸದ್ದಿಲ್ಲದೆ ತಿರುವಿನಲ್ಲಿ ಮೊದಲ ಹಸು ಕಂಡದ್ದೇ ಬ್ಯಾಂಡಿನವರು ತುತ್ತೂರಿ ಇಳಿಸಿದರು. ಎಲ್ಲರ ಕಣ್ಣೂ ತಂತಮ್ಮ ದನವನ್ನು ಹುಡುಕಿತು. ವಿಂಜೆನ್ಸ್ ಜನರನ್ನು ತಳ್ಳಿಕೊಂಡು ಮುಂದೆ ಬಂದು ತನ್ನ ಹನ್ನೊಂದನ್ನೂ ಎಣಿಸಿದ. ಎಲ್ಲ ಇದ್ದವು.

"ಯಾರ್ದೇ ಹೋಗಿದ್ದು?"

"ನಂದು. ಸೆಂಟಾ."

"ನಿಂದಾ?" ಅವನು ಅವಳ ಮುಖವನ್ನೇ ನೋಡಿದ. "ಹೂ ಮುಡಿಸ್ಕೊಂಡ್ ಬಂದಿದ್ರೆ ನಮಗೇನ್ ಗೊತ್ತಾಗ್ತಿತ್ತು, ಹುಚ್ಚಿ?"

"ಗೊತ್ತಾಗ್ತಿರ್ಲಿಲ್ಲ" ಎಂದಳು ನೋಟ್‌ಬುರ್ಗಾ. ನಿಲ್ಲದೆ ದನಗಳ ಜೊತೆ ನಡೆದಳು.

ಚರ್ಚಿನೊಳಗೆ ಬಿಟ್ಟರೆ ಎಲ್ಲೂ ಟೋಪಿ ತೆಗೆಯದ ಆಸಾಮಿ ವಿಂಜೆನ್ಸ್. ಈಗ ಅದನ್ನು ತೆಗೆದು ಎದೆಗೆ ಒತ್ತಿಕೊಂಡು, ಕೊನೆಯ ಕರು ಸೇತುವೆ ದಾಟುವವರೆಗೂ ಹಾಗೆಯೇ ನಿಂತ.